ನೂರಿಪ್ಪತ್ತು ತೇಗದ ಎಲೆ

ಚಂದ್ರಮತಿ ಬದುಕಿನಲ್ಲಿ ಸುಳ್ಳೇ ಹೇಳಿದವಳಲ್ಲ ಎಂದು ಯಾರಾದರೂ ಹೊಗಳಿದರೆ ಅವಳೇ ಮೊದಲು ನಕ್ಕಾಳು. ಮೊಸರು ಮುಗಿದಿದೆ, ಮಂಡೆನೋವು, ಈ ಸೀರೆ ಹಳತು ಎಂದು ಸಂಸಾರಸ್ಥರು ದಿನಾ ಹೇಳುವ ಚಿಲ್ಲರೆ ಸುಳ್ಳುಗಳನ್ನೆಲ್ಲ ಅವಳೂ ಧಾರಾಳವಾಗಿ ಹೇಳಿದ್ದಾಳೆ. ಆದರೆ ೨೦೦೩ರ ಆಗಸ್ಟಿನ ಒಂದು ಸೋಮವಾರ ಮಧ್ಯಾಹ್ನ ಅವಳ ಬಾಯಿಂದ ಹೊರಟ ಸುಳ್ಳಿಗೆ ಮಾತೂ ಬೇಕಾಗಿರಲಿಲ್ಲ. ಬರೀ ಒಂದು "ಹೂಂ" ಅಷ್ಟೆ. ಅದು ಆರು ತಿಂಗಳ ಮೇಲೆ ಹಿಂದಿರುಗಿ ಬಂದು ಅವಳನ್ನು ಕಾಡಿತು.

ಮದರಾಸಿನ ಹೊರವಲಯದ ತಾಂಬರಂನಿಂದ ಬಸ್ಸು ಹಿಡಿದು ಅರ್ಧ ಗಂಟೆ ಹೋದರೆ ಗಿಡಮರಗಳ ಮೇಲೆ ಸಂಶೋಧನೆ ಮಾಡುವ ಒಂದು ಕೇಂದ್ರವಿತ್ತು. ಅದರ ಹಿತ್ತಲಲ್ಲಿ ಎರಡು ಕೋಣೆಯ ಕ್ವಾರ್ಟರ್ಸು, ಅದರಲ್ಲಿ ಐತಪ್ಪ, ಚಂದ್ರಮತಿ, ಒಂಬತ್ತನೇ ಕ್ಲಾಸಿನ ಮಗಳು ಪ್ರಣಮ್ಯಾ. ಗಂಡಹೆಂಡತಿ ಪುತ್ತೂರಿನ ಕಡೆಯವರು. ಐತಪ್ಪ ಇಪ್ಪತ್ತು ವರ್ಷ ಮದರಾಸಿನ ಹೋಟೆಲುಗಳಲ್ಲಿ ಬಡಿಸುವ ಕೆಲಸ ಮಾಡಿ, ಮೊಣಕಾಲು ಇನ್ನಾಗದು ಎಂದ ಮೇಲೆ ಈ ಕಾವಲಿನ ಕೆಲಸಕ್ಕೆ ಸೇರಿದವನು. ಮಗಳು ಹುಟ್ಟಿದ್ದು, ಓದಿದ್ದು ಎಲ್ಲ ಮದರಾಸಿನಲ್ಲೇ. ಅಮ್ಮ ಏನು ಕೇಳಿದರೂ ಅವಳ ಉತ್ತರ ತಮಿಳಿನಲ್ಲಿ.

ಕಾವಲು ಯಾತಕ್ಕೆಂದರೆ ಆರು ಗುಡಾರಗಳಿಗೆ. ಗುಡಾರ ಎಂಬುದು ಇವರಿಟ್ಟ ಹೆಸರು. ಕಬ್ಬಿಣದ ಚೌಕಟ್ಟಿಗೆ ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ, ಮೇಲೆ ಬಾಯಿ ತೆರೆದಿಟ್ಟ ಆರು ದುಂಡನೆಯ ಮನೆಗಳು. ನೀಲಗಿರಿಯ ತಪ್ಪಲಿನ ಕಾಡಿನಿಂದ ಲಾರಿಯಲ್ಲಿ ತಂದ ಮಣ್ಣನ್ನು ತುಂಬಿ, ಒಂದೊಂದರಲ್ಲಿ ನಾಲ್ಕು ತೇಗದ ಸಸಿ ನೆಟ್ಟಿದ್ದರು. ಒಂದು, ಮೂರು, ಐದನೇ ಗುಡಾರಕ್ಕೆ ಕೊಳವೆಯಲ್ಲಿ ಇಂಗಾಲದ ಡೈಆಕ್ಸೈಡ್ ಬರುತ್ತಿತ್ತು, ಗೋಲಿಸೋಡಾದ ಗುಳ್ಳೆಯಲ್ಲಿರುವ ಅದೇ ಗ್ಯಾಸು. ಉಳಿದ ಮೂರಕ್ಕೆ ಬರೀ ಮದರಾಸಿನ ಗಾಳಿ. ಐತಪ್ಪನ ಕೆಲಸ ಸಿಲಿಂಡರು ಬದಲಿಸುವುದು, ದಿನಕ್ಕೆ ನಾಲ್ಕು ಸಲ ಮೀಟರು ನೋಡಿ ರಿಜಿಸ್ಟರಿನಲ್ಲಿ ಬರೆಯುವುದು. ಅದನ್ನು ಅವನು ದೇವರ ದೀಪಕ್ಕೆ ಎಣ್ಣೆ ಹಾಕುವಷ್ಟು ಶ್ರದ್ಧೆಯಿಂದ ಮಾಡುತ್ತಿದ್ದ. "ನನ್ನ ಕಾವಲಿನಲ್ಲಿ ಒಂದೆಲೆ ಅಲ್ಲಾಡುದಿಲ್ಲ" ಎಂದು ಬಂದವರ ಮುಂದೆಲ್ಲ ಹೇಳಿಕೊಳ್ಳುವ ಚಟ ಬೇರೆ.

ಈ ಗಿಡಗಳೆಲ್ಲ ಗಗನಾಳ ಡಾಕ್ಟರೇಟಿನವು. ಗಗನಾ ಚಾಮರಾಜನಗರದ ಕಡೆಯ ಅಂದಾನಿ ಮೇಷ್ಟ್ರ ಮಗಳು, ಕಡ್ಡಿಯಂಥ ಹುಡುಗಿ. ಗಿಡದ ಬುಡದಲ್ಲಿ ಕೂತರೆ ಊಟ ಮರೆಯುವವಳು. ಬಂದ ಮೊದಲ ವಾರ ಹಾಸ್ಟೆಲಿನ ಡಬ್ಬಿಯಲ್ಲಿದ್ದ ಒಣ ಚಪಾತಿಯನ್ನು ಕಂಡು ಚಂದ್ರಮತಿಗೆ ಸಂಕಟವಾಗಿ, "ಇದನ್ನು ಎಂಥ ತಿನ್ನುದು? ಬನ್ನಿ, ಗಂಜಿಯಾದರೂ ಉಂಟು" ಎಂದು ಕರೆದಿದ್ದಳು. ಅಂದಿನಿಂದ ಮಧ್ಯಾಹ್ನ ಒಂದೂವರೆಗೆ ಅಡಿಗೆಮನೆಯ ಬಾಗಿಲ ಪಕ್ಕ, ಗೋಡೆಗೊರಗಿ ಗಗನಾ ಕೂರುವುದು ಪದ್ಧತಿಯಾಯಿತು. ಬಸಳೆ, ತಿಮರೆ ಎಂಬ ಒಂದೆಲಗದ ಚಟ್ನಿ, ಹುರುಳಿ ಸಾರು, ಎಲ್ಲವನ್ನೂ "ಇದೇನು ಚಂದ್ರಕ್ಕ, ಇದೇನು?" ಎನ್ನುತ್ತಲೇ ಉಂಡಳು. ಮಗಳು ಬೇಳೆಸಾರು ಬಿಟ್ಟು ಬೇರೇನೂ ಮುಟ್ಟದ ಮನೆಯಲ್ಲಿ ಹೀಗೆ ಕೇಳಿ ಉಣ್ಣುವವಳು ಸಿಕ್ಕಿದ್ದು ಚಂದ್ರಮತಿಗೆ ಎಷ್ಟು ಹಿತವಾಗಿತ್ತೆಂದರೆ, ಗಗನಾ ಬಾರದ ಭಾನುವಾರಗಳು ಅವಳಿಗೆ ಸಪ್ಪೆಯಾಗಿದ್ದವು.

ಗಗನಾ ಒಂದು ದಿನ ಊಟದ ಮಧ್ಯೆ ಹೇಳಿದ್ದಳು. "ಇನ್ನು ಐವತ್ತು ವರ್ಷಕ್ಕೆ ಗಾಳಿ ಹೇಗಿರುತ್ತೋ ಹಾಗೆ ಮಾಡಿ ಇಟ್ಟಿದ್ದೀವಿ ಆ ಮೂರು ಗುಡಾರದಲ್ಲಿ. ಪ್ರಣಮ್ಯಾ ಮೊಮ್ಮಕ್ಕಳು ಉಸಿರಾಡೋ ಗಾಳಿ. ಅದರಲ್ಲಿ ಕಾಡು ಹೇಗೆ ಬೆಳೆಯುತ್ತೆ ನೋಡಬೇಕು."

ಬೆಳೆದದ್ದಂತೂ ಬೆಳೆಯಿತು. ಎರಡೇ ವರ್ಷದಲ್ಲಿ ಗ್ಯಾಸಿನ ಗಿಡಗಳು ಪಕ್ಕದವನ್ನು ಹಿಂದೆ ಹಾಕಿ ಮೇಲೆದ್ದವು, ಎಲೆ ಒಂದೊಂದೂ ಮೊರದಗಲ. ಆ ಎಲೆಗಳನ್ನು ಕಂಡಾಗಲೆಲ್ಲ ಚಂದ್ರಮತಿಗೆ ನೆನಪಾಗುತ್ತಿದ್ದದ್ದು ಐವತ್ತು ವರ್ಷದ ನಂತರದ ಗಾಳಿಯಲ್ಲ, ಹಲಸಿನ ಹಣ್ಣಿನ ಗಟ್ಟಿ. ಅಕ್ಕಿ, ಹಣ್ಣು, ಬೆಲ್ಲ, ಕಾಯಿತುರಿ ರುಬ್ಬಿ, ತೇಗದ ಎಲೆಯಲ್ಲಿ ಮಡಚಿ ಹಬೆಯಲ್ಲಿ ಬೇಯಿಸಿದ ಗಟ್ಟಿ. ಎಲೆ ಬಿಡಿಸಿದರೆ ಮೈಗೆಲ್ಲ ನಸುಗೆಂಪು ಬಣ್ಣ, ಮೂಗಿಗೆ ಒಂದು ಪರಿಮಳ. ಬಾಳೆ ಎಲೆಯಲ್ಲೂ ಮಾಡಬಹುದು, ಹೊಟ್ಟೆ ತುಂಬುತ್ತದೆ, ಅಷ್ಟೆ.

ಮದರಾಸಿನದೇ ವಡಪಳನಿಯಲ್ಲಿ ಹೋಟೆಲಿನ ಅಡಿಗೆ ನೋಡಿಕೊಳ್ಳುತ್ತಿದ್ದ ಚಂದ್ರಮತಿಯ ಅಣ್ಣ ಕೃಷ್ಣರಾಜ, ಊರಿನವರನ್ನೆಲ್ಲ ಸೇರಿಸಿ ವರ್ಷಕ್ಕೊಮ್ಮೆ ಆಟಿಯ ಕೂಟ ನಡೆಸುತ್ತಿದ್ದ. ಆಟಿ ಎಂದರೆ ಊರಲ್ಲಿ ಧೋ ಎಂದು ಮಳೆ ಹೊಯ್ಯುವ ತಿಂಗಳು. ಮದರಾಸಿನಲ್ಲಿ ಆ ವರ್ಷ ಮಳೆಯ ಸುದ್ದಿಯೇ ಇರಲಿಲ್ಲ, ತಣ್ಣಿ ಲಾರಿ ಎನ್ನುವ ನೀರಿನ ಲಾರಿಯ ಹಿಂದೆ ಜನ ಕೊಡ ಹಿಡಿದು ಓಡುತ್ತಿದ್ದರು. ಆದರೂ ಆಟಿಯ ತಿಂಡಿ ಆಗಬೇಕು. ಕೃಷ್ಣರಾಜ ಫೋನಿನಲ್ಲಿ, "ಪಣ್ರುಟ್ಟಿ ಹಲಸು ಬೇಕಾದಷ್ಟು ಸಿಗ್ತದೆ ತಂಗಿ. ತೇಗದ ಎಲೆಗೆ ಎಲ್ಲಿ ಹೋಗುದು? ಈ ಊರಿನಲ್ಲಿ ಯಾರಿಗೆ ಗೊತ್ತುಂಟು ಅದೆಲ್ಲ? ಬಾಳೆ ಎಲೆಯಲ್ಲೇ ಮುಗಿಸುವ" ಎಂದ.

ಅಲ್ಲಿಗೆ ಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಚಂದ್ರಮತಿಯ ಬಾಯಿ ಸುಮ್ಮನಿರಬೇಕಲ್ಲ! "ಎಲೆಯ ಚಿಂತೆ ನಿನಗೆ ಬೇಡ. ನೂರಿಪ್ಪತ್ತು ಗಟ್ಟಿ ತಾನೆ? ನಾನು ತರ್ತೇನೆ" ಎಂದುಬಿಟ್ಟಳು. ಮದರಾಸಿಗೆ ಬಂದು ಹದಿನೆಂಟು ವರ್ಷದಲ್ಲಿ ಅಣ್ಣನಿಗೆ ಸಿಗದ್ದು ತನಗೆ ಸಿಕ್ಕಿದ್ದು ಇದೇ ಮೊದಲು.

ಗಗನಾ ಆಗ ಊರಲ್ಲಿರಲಿಲ್ಲ. ಮಣ್ಣಿನ ಪೊಟ್ಟಣಗಳನ್ನು ಹೊತ್ತು ಬೆಂಗಳೂರಿನ ಪ್ರಯೋಗಾಲಯಕ್ಕೆ ಹೋಗಿ ಐದು ವಾರವಾಗಿತ್ತು. ಶನಿವಾರ ಸಂಜೆ ಐತಪ್ಪ ಹಲಸು ಇಳಿಸಲು ವಡಪಳನಿಗೆ ಹೋದ. ಚಂದ್ರಮತಿ ಚೀಲ ಹಿಡಿದು ಗುಡಾರಕ್ಕೆ ನುಗ್ಗಿದಳು, ಚೀಲದ ಬಾಯಿ ಅಗಲಿಸಿ ಹಿಡಿಯಲು ಪ್ರಣಮ್ಯಾ. ಮೊದಲನೆಯದರಲ್ಲಿ ಅರುವತ್ತು, ಮೂರನೆಯದರಲ್ಲಿ ಅರುವತ್ತು. ಐದನೆಯದಕ್ಕೂ ಕೈ ಹಾಕಿದ್ದಳು, ಆದರೆ ಅಲ್ಲಿ ಚಗಳಿ ಇರುವೆಗಳು ಎಲೆಗೆಲೆ ಹೊಲಿದು ಗೂಡು ಕಟ್ಟಿದ್ದವು. ಎರಡು ಕಚ್ಚಿದ್ದೇ ಅವಳು ಕೈ ಒದರುತ್ತ ಹೊರಗೆ ಬಂದಳು. ಗಿಡಕ್ಕೆ ನೋವಾಗದಿರಲಿ ಎಂದು ಚಿಗುರು ಮುಟ್ಟದೆ, ಕೆಳಗಿನ ಎಲೆಗಳನ್ನೇ ತೊಟ್ಟಿನ ಬುಡದಿಂದ ನಾಜೂಕಾಗಿ ಕಿತ್ತಿದ್ದಳು. ತಪ್ಪು ಮಾಡುತ್ತಿದ್ದೇನೆ ಎಂಬ ಅಳುಕು ಎಳ್ಳಷ್ಟೂ ಇರಲಿಲ್ಲ. ಕರಿಬೇವು ಕೊಯ್ದರೆ ಗಿಡ ಸಾಯುತ್ತದೆಯೆ? ಇನ್ನಷ್ಟು ಚಿಗುರುತ್ತದೆ. ಗಂಡನೂ ಅಣ್ಣನೂ ಕೇಳಿದಾಗ ಮಾತ್ರ, "ತಾಂಬರಂ ಮಾರ್ಕೆಟಿನಲ್ಲಿ ಬೋರಮ್ಮ ತರಿಸಿಕೊಟ್ಟಳು" ಎಂದಳು. ಬೋರಮ್ಮ ಸೊಪ್ಪು ಮಾರುವವಳು, ಐತಪ್ಪ ಅವಳನ್ನು ವಿಚಾರಿಸಲು ಹೋಗುವುದಿಲ್ಲ ಎಂಬ ಧೈರ್ಯ.

ಆಟಿಯ ಕೂಟದಲ್ಲಿ ಚಂದ್ರಮತಿಯದೇ ಮಾತು. ಗಟ್ಟಿ ಬಿಡಿಸಿದ ಒಬ್ಬ ಹಿರಿಯರು ಮೂಸಿ ನೋಡಿ ಕಣ್ಣೊರೆಸಿಕೊಂಡರು. ಅಣ್ಣ ನಾಲ್ಕು ಜನರ ಮುಂದೆ, "ನನ್ನ ತಂಗಿಯ ಕೈಚಳಕ" ಎಂದ. ಚಂದ್ರಮತಿ ಆ ದಿನ ನೆಲದ ಮೇಲೆ ನಡೆದಳೋ ಇಲ್ಲವೋ ಅವಳಿಗೇ ಗೊತ್ತಿಲ್ಲ.

ಮರುದಿನ ಬೆಳಿಗ್ಗೆ ಬೆಂಗಳೂರು ರೈಲಿಳಿದ ಗಗನಾ ನೇರ ಇಲ್ಲಿಗೇ ಬಂದಳು. ಹಸಿದಿದ್ದಳು. ಉಳಿದಿದ್ದ ನಾಲ್ಕು ಗಟ್ಟಿಯನ್ನು ಚಂದ್ರಮತಿ ಎಲೆ ತೆಗೆದು ಹೋಳು ಮಾಡಿ ಕಾವಲಿಯಲ್ಲಿ ತುಪ್ಪ ಹಾಕಿ ಕೆಂಪಗೆ ಕಾಯಿಸಿ ಕೊಟ್ಟಳು. ಗಗನಾ ಅಷ್ಟನ್ನೂ ತಿಂದು ಬೆರಳು ನೆಕ್ಕಿಕೊಂಡಳು.

"ಈ ಪರಿಮಳ ಯಾವುದರದ್ದು ಚಂದ್ರಕ್ಕ? ಬಣ್ಣ ಬೇರೆ ಎಷ್ಟು ಚೆನ್ನಾಗಿದೆ!"

"ಹಣ್ಣಿನದ್ದೇ" ಎಂದಳು ಚಂದ್ರಮತಿ. ಯಾಕೆ ಹಾಗೆಂದಳೋ. ಎಲೆಯದ್ದು ಎಂದರೆ ಎಲ್ಲಿಯ ಎಲೆ ಎಂಬ ಪ್ರಶ್ನೆ ಬರುತ್ತಿತ್ತು, ಬೋರಮ್ಮನ ಕಥೆ ನಂಬಿದ ಗಂಡ ಅಲ್ಲೇ ಕೂತಿದ್ದನಲ್ಲ, ಅದಕ್ಕಿರಬೇಕು.

ಮಧ್ಯಾಹ್ನ ಗಗನಾ ಗುಡಾರದಿಂದ ಓಡಿಬಂದಳು. ಮುಖ ಬಿಳುಚಿತ್ತು. "ಚಂದ್ರಕ್ಕ, ಒಂದು ಮತ್ತು ಮೂರರಲ್ಲಿ ಕೆಳಗಿನ ಎಲೆಗಳೇ ಇಲ್ಲ! ಉದುರಿದ್ದೂ ಕಾಣಿಸ್ತಿಲ್ಲ. ನೀವೇನಾದ್ರೂ ಒಳಗೆ ಗುಡಿಸಿದ್ರಾ?"

ಶನಿವಾರ ಇಲ್ಲದ ಅಳುಕು ಚಂದ್ರಮತಿಗೆ ಈಗ ಹುಟ್ಟಿತು. ಆ ಹುಡುಗಿ ಹೆದರಿದ್ದನ್ನು ಅವಳು ಎಂದೂ ಕಂಡಿರಲಿಲ್ಲ. ಐತಪ್ಪ ರಿಜಿಸ್ಟರಿನಿಂದ ತಲೆಯೆತ್ತಿ ಹೆಂಡತಿಯನ್ನೇ ನೋಡುತ್ತಿದ್ದ.

"ಹೂಂ" ಎಂದಳು.

"ಅಯ್ಯೋ, ಹಾಗಾದ್ರೆ ತಾನಾಗೇ ಉದುರಿದ್ದಾ?" ಗಗನಾ ಅಲ್ಲೇ ಮೆಟ್ಟಿಲ ಮೇಲೆ ಕುಳಿತಳು. ಸ್ವಲ್ಪ ಹೊತ್ತಿಗೆ ಹೆದರಿಕೆ ಹೋಗಿ ಅವಳ ಮುಖದಲ್ಲಿ ಬೇರೇನೋ ಬೆಳಕು ಬಂತು. "ಉದುರಿದ ಎಲೇನ ಇನ್ಮೇಲೆ ಮುಟ್ಟಬೇಡಿ ಚಂದ್ರಕ್ಕ, ಅದನ್ನೂ ತೂಗಬೇಕು" ಎಂದು ಮೆಲ್ಲಗೆ ಹೇಳಿ, ನೋಟ್‌ಬುಕ್ ತೆಗೆದು ಬರೆಯತೊಡಗಿದಳು. ಬೈಯಲಿಲ್ಲ. ಬೈದಿದ್ದರೆ ಚಂದ್ರಮತಿ ಅಂದೇ ಒಪ್ಪಿಕೊಳ್ಳುತ್ತಿದ್ದಳೇನೋ.

ನವರಾತ್ರಿ, ದೀಪಾವಳಿ, ಪೊಂಗಲ್ ಎಲ್ಲ ಕಳೆದವು. ಗಗನಾ ದಿನಾ ಉಣ್ಣಲು ಬರುತ್ತಿದ್ದಳು, ಚಂದ್ರಮತಿ ದಿನಾ ಬಡಿಸುತ್ತಿದ್ದಳು. ಎಲೆಯ ವಿಷಯ ಮತ್ತೆ ಬರಲಿಲ್ಲವಾಗಿ ಮುಗಿಯಿತು ಎಂದುಕೊಂಡಿದ್ದಳು. ಫೆಬ್ರವರಿಯ ಒಂದು ಬುಧವಾರ ಊಟವಾದ ಮೇಲೆ ಗಗನಾ ದೊಡ್ಡ ಹಾಳೆಗಳ ಸುರುಳಿ ಬಿಚ್ಚಿ ಜಗಲಿಯಲ್ಲಿ ಹರಡಿದಳು. ಶುಕ್ರವಾರ ಅವಳ ಸೆಮಿನಾರು. ದೊಡ್ಡ ದೊಡ್ಡ ವಿಜ್ಞಾನಿಗಳು ಬರುವವರಿದ್ದರು. ಅದು ಸರಿಹೋದರೆ ಮೇ ತಿಂಗಳೊಳಗೆ ಡಾಕ್ಟರೇಟು, ಜೂನಿಗೆ ಮೈಸೂರಿನ ಕಾಲೇಜೊಂದರಲ್ಲಿ ಲೆಕ್ಚರರ್ ಕೆಲಸ ಕಾದಿತ್ತು.

"ಕೂತ್ಕೊಳ್ಳಿ ಚಂದ್ರಕ್ಕ. ನಿಮ್ಗೆ ಅರ್ಥ ಆಗೋ ಹಾಗೆ ಹೇಳಿದ್ರೆ ಅವ್ರಿಗೆ ಹೇಳೋದು ಸುಲಭ" ಎಂದು ಶುರುಮಾಡಿದಳು. "ಮೊದಲೆರಡು ವರ್ಷ ಗ್ಯಾಸ್ ಗಿಡಗಳು ಜಿಗಿದ್ವು. ಮೂರನೇ ವರ್ಷ ನಿಧಾನ ಆದ್ವು, ಎಲೆ ಹಳದಿ ಆಯ್ತು. ಗ್ಯಾಸ್ ಕಡಿಮೆ ಮಾಡಿಲ್ಲ, ನೀರು ಕಡಿಮೆ ಮಾಡಿಲ್ಲ. ಮತ್ತೆ ಯಾಕೆ? ಮಣ್ಣಲ್ಲಿ ಸಾರಜನಕ ಅಂತ ಇರುತ್ತೆ, ಎಲೆಗೆ ಹಸಿರು ಬರೋದು ಅದರಿಂದ. ಗಿಡ ಬೇಗ ಬೇಗ ಬೆಳೆದು ಅದನ್ನ ಎಳ್ಕೊಂಡು ಕಾಂಡದಲ್ಲಿ, ಬೇರಲ್ಲಿ ಕೂಡಿಟ್ಕೊಂಡ್ಬಿಡುತ್ತೆ. ಉದುರಿದ ಎಲೆ ಕೊಳೆತು ಮಣ್ಣಿಗೆ ವಾಪಸ್ ಕೊಡಬೇಕು. ಗ್ಯಾಸ್ ಗಿಡದ ಎಲೇಲಿ ಅದೂ ಕಡಿಮೆ, ಕೊಳೆಯೋದೂ ತಡ. ಮಣ್ಣು ಬರಿದಾಗ್ತಾ ಹೋಗುತ್ತೆ."

ಚಂದ್ರಮತಿ ಸ್ವಲ್ಪ ಯೋಚಿಸಿ ಹೇಳಿದಳು. "ಪಂಕ್ತಿಯಲ್ಲಿ ಆಗುದಲ್ಲ, ಹಾಗೆ. ಅನ್ನ ಬೇಕಾದಷ್ಟು ಬಡಿಸ್ತಾರೆ, ಸಾಂಬಾರಿನ ಬಕೆಟು ಒಂದೇ. ಮೊದಲು ಕೂತವರು ಗಡದ್ದಾಗಿ ಉಣ್ತಾರೆ. ಆಮೇಲೆ ಬರೀ ಅನ್ನ. ಬರೀ ಅನ್ನ ಎಷ್ಟು ಅಂತ ಇಳೀತದೆ?"

"ಚಂದ್ರಕ್ಕ!" ಗಗನಾ ಅವಳ ಕೈ ಹಿಡಿದುಕೊಂಡಳು. "ಇದನ್ನೇ ಹೇಳ್ತೀನಿ ನೋಡಿ ಶುಕ್ರವಾರ. ಈಗ ಮಜಾ ಕೇಳಿ. ಕಾಂಡ ನಿಧಾನ ಆಗೋದು, ಹಳದಿ ಆಗೋದು ಬೇರೆಯವರೂ ಅಲ್ಲಲ್ಲಿ ನೋಡಿದ್ದಾರೆ. ನಮ್ಮಲ್ಲಿ ಒಂದು ಹೊಸದು ಆಗಿದೆ. ಫೆಬ್ರವರಿಲಿ ಉದುರಿಸಬೇಕಾದ ಎಲೇನ ಗಿಡಗಳು ಆಗಸ್ಟಲ್ಲೇ ಉದುರಿಸಿವೆ! ಹಸಿವು ತಡೀಲಾರ್ದೆ. ಗೈಡ್ ಸಾರ್ ಇದರ ಮೇಲೆ ಪೂರಾ ಒಂದು ಅಧ್ಯಾಯ ಬರೆಸಿದ್ದಾರೆ."

ಚಂದ್ರಮತಿಯ ಕೈ ಗಗನಾಳ ಕೈಯೊಳಗೇ ಇತ್ತು. ಅದನ್ನು ಹಿಂದೆಗೆಯಲೂ ಅವಳಿಗೆ ತೋಚಲಿಲ್ಲ. "ಐದನೆಯದು?" ಎಂದು ಹೇಗೋ ಕೇಳಿದಳು.

"ಅದೊಂದು ಹಠಮಾರಿ. ಹಳದಿ ಆಯ್ತು, ನಿಧಾನಾನೂ ಆಯ್ತು, ಆದ್ರೆ ಎಲೆ ಮಾತ್ರ ಉದುರಿಸ್ಲಿಲ್ಲ. ಇರುವೆ ಗೂಡಿದೆಯಲ್ಲ, ಅದರಿಂದ ಏನೋ ಹೆಚ್ಚುಕಮ್ಮಿ ಆಗಿರುತ್ತೆ, ಅದನ್ನ ಬಿಟ್ಟುಬಿಡು ಅಂದ್ರು ಸಾರ್. ತೆಗೆದುಹಾಕಿದ್ದೀನಿ."

ಗ್ಯಾಸಿನ ಮೂರು ಗುಡಾರದಲ್ಲಿ ಸತ್ಯ ಹೇಳುತ್ತಿದ್ದ ಆ ಒಂದನ್ನೇ ಹೊರಗಿಟ್ಟಿದ್ದರು. ಹೊರಗಿಡುವಂತೆ ಮಾಡಿದವಳು ತಾನು. ಚಂದ್ರಮತಿ ಎದ್ದು ಒಳಗೆ ಹೋಗಿ, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೊಮ್ಮೆ ತೊಳೆದಳು.

ಗುರುವಾರ ಅವಳಿಗೆ ಏನೂ ಸೇರಲಿಲ್ಲ. ಹೇಳಿದರೆ ಏನೇನು ಹೋಗುತ್ತದೆ ಎಂದು ಮನಸ್ಸು ಒಂದೊಂದನ್ನೇ ಮುಂದೆ ತಂದಿಡುತ್ತಿತ್ತು. ಹುಡುಗಿಯ ಡಾಕ್ಟರೇಟು ಹೋಗುತ್ತದೆ. ಐತಪ್ಪನ ಕೆಲಸ, ಅದರ ಜೊತೆಗೆ ಈ ಮನೆ. ಎಲ್ಲಕ್ಕಿಂತ ಹೆಚ್ಚಾಗಿ ಅವನ ಆ ಒಂದು ಜಂಬ. ಹೇಳದಿದ್ದರೆ ಏನೂ ಹೋಗುವುದಿಲ್ಲ, ಯಾರಿಗೂ ಗೊತ್ತಾಗುವುದಿಲ್ಲ. ಸಂಜೆ ಶಾಲೆಯಿಂದ ಬಂದ ಪ್ರಣಮ್ಯಾ, ಗಗನಾ ಜಗಲಿಯಲ್ಲಿ ಬಿಟ್ಟುಹೋಗಿದ್ದ ಹಾಳೆಯೊಂದನ್ನು ಓದಿದಳು. ಇಂಗ್ಲಿಷು ಬರುವವಳು, ಎರಡು ಸಲ ಓದಿ ಅಮ್ಮನ ಮುಖ ನೋಡಿದಳು.

"ಅಮ್ಮಾ, ಇದು ನಾಮ ಪರಿಚ್ಚ ಇಲೆ ದಾನೇ?"

ನಾವು ಕಿತ್ತ ಎಲೆ ತಾನೆ ಇದು ಎಂದು ಅವಳು ಕೇಳಿದ್ದು. ಚಂದ್ರಮತಿ ಅವಳ ಕೈಯಿಂದ ಹಾಳೆ ತೆಗೆದುಕೊಂಡು ಮಡಚಿದಳು.

"ನೀ ಸೊಲ್ಲಲೇನ್ನಾ ನಾನ್ ಸೊಲ್ಲಿಡುವೇನ್" ಎಂದಳು ಮಗಳು. ನೀನು ಹೇಳದಿದ್ದರೆ ನಾನೇ ಹೇಳಿಬಿಡುತ್ತೇನೆ. ಹೆದರಿಸುವ ದನಿಯಲ್ಲ, ಅಳು ತಡೆದುಕೊಂಡ ದನಿ. ಚೀಲ ಹಿಡಿದಿದ್ದು ಆ ಮಗುವಿನ ಕೈಯೂ ಹೌದಲ್ಲ.

ಶುಕ್ರವಾರ ಬೆಳಿಗ್ಗೆ ಗಗನಾ ಸೀರೆಯುಟ್ಟು ಬಂದಿದ್ದಳು. ಹೊರಡುವ ಮುಂಚೆ ಗಿಡಗಳನ್ನೊಮ್ಮೆ ನೋಡಿಹೋಗುವ ಎಂದು ಗುಡಾರಗಳ ನಡುವೆ ನಿಂತಿದ್ದಳು. ಐತಪ್ಪ ಅಲ್ಲೇ ಮೀಟರು ಬರೆಯುತ್ತಿದ್ದ. ಚಂದ್ರಮತಿ ಒದ್ದೆ ಕೈಯಲ್ಲೇ ಬಂದು ನಿಂತಳು.

"ಮಗಾ" ಎಂದಳು. ಈವರೆಗೆ ಎಂದೂ ಹಾಗೆ ಕರೆದಿರಲಿಲ್ಲ. "ಆ ಎಲೆ ಉದುರಿದ್ದಲ್ಲ. ನಾನು ಕೊಯ್ದದ್ದು."

ಗಗನಾಳಿಗೆ ಅರ್ಥವಾಗಲಿಲ್ಲ. "ಯಾವ ಎಲೆ?"

"ಆಟಿಯ ಗಟ್ಟಿಗೆ. ಒಂದರಲ್ಲಿ ಅರುವತ್ತು, ಮೂರರಲ್ಲಿ ಅರುವತ್ತು. ಐದರಲ್ಲಿ ಇರುವೆ ಕಚ್ಚಿತು, ಅದಕ್ಕೆ ಬಿಟ್ಟೆ. ಅದು ಹಠಮಾರಿಯಲ್ಲ ಮಗಾ, ಅದೊಂದೇ ಸರಿಯಾಗಿ ಇರುದು. ಗುಡಿಸಿದೆ ಅಂತ ನಾನು ಸುಳ್ಳು ಹೇಳಿದೆ. ಸಾಂಬಾರಿನ ಬಕೆಟಿಗೇ ಕೈ ಹಾಕಿ ತೆಗೆದೆ ನಾನು."

ಐತಪ್ಪನ ಕೈಯಿಂದ ಪೆನ್ನು ಬಿತ್ತು. ಅದನ್ನು ಹೆಕ್ಕಲು ಅವನು ಬಗ್ಗಲಿಲ್ಲ. ಗಗನಾ ಗಿಡದ ಕಡೆ ನೋಡಿದಳು, ಚಂದ್ರಮತಿಯ ಕಡೆ ನೋಡಿದಳು. "ಆವತ್ತು ಬೆಳಿಗ್ಗೆ ನೀವು ನಂಗೆ ಕೊಟ್ರಲ್ಲ..." ಎಂದು ನಿಲ್ಲಿಸಿದಳು.

"ಅದೇ" ಎಂದಳು ಚಂದ್ರಮತಿ.

ಗಗನಾ ಹಾಳೆಗಳ ಸುರುಳಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಗೈಡ್ ಸಾರ್ ಕೋಣೆಯ ಕಡೆ ನಡೆದಳು. ಸೆಮಿನಾರು ನಡೆಯಲಿಲ್ಲ. ಸಾರ್ ಕೂಗಾಡಿದ್ದು ಹಿತ್ತಲಿಗೂ ಕೇಳಿಸಿತು.

ಐತಪ್ಪ ಹೆಂಡತಿಯನ್ನು ಬೈಯಲಿಲ್ಲ, ಅದೇ ಅವಳಿಗೆ ದೊಡ್ಡ ಶಿಕ್ಷೆಯಾಯಿತು. ಅವನು ಹಳೆಯ ರಿಜಿಸ್ಟರು ಹುಡುಕಿ, ಆಗಸ್ಟಿನ ಆ ಶನಿವಾರದ ಪುಟ ತೆಗೆದು, ಸಂಜೆ ಆರರ ಮೀಟರು ಅಂಕಿ ಇರಬೇಕಾದ ಖಾಲಿ ಮನೆಯ ಕೆಳಗೆ ತನ್ನ ದುಂಡು ಅಕ್ಷರದಲ್ಲಿ ಬರೆದ: 'ಈ ದಿನ ನಾನು ಜಾಗದಲ್ಲಿ ಇರಲಿಲ್ಲ. ನನ್ನ ಹೆಂಡತಿ ನೂರಿಪ್ಪತ್ತು ಎಲೆ ಕೊಯ್ದಿದ್ದಾಳೆ. ತಪ್ಪು ಕಾವಲಿನದು.' ಸಹಿ ಮಾಡಿ, ಆ ಪುಸ್ತಕವನ್ನು ತಾನೇ ಸಾರ್ ಮೇಜಿನ ಮೇಲಿಟ್ಟು ಬಂದ. ಸಾರ್ ಎರಡು ವಾರ ಅವನನ್ನು ಇಂದು ಕಳಿಸುತ್ತೇನೆ, ನಾಳೆ ಕಳಿಸುತ್ತೇನೆ ಎನ್ನುತ್ತಿದ್ದರು. ಆ ಮೀಟರುಗಳ ಮರ್ಜಿ ಬಲ್ಲವರು ಬೇರೆ ಯಾರೂ ಇರಲಿಲ್ಲ. ಕ್ರಮೇಣ ಸುಮ್ಮನಾದರು. ಆದರೆ ಒಂದೆಲೆ ಅಲ್ಲಾಡುವುದಿಲ್ಲ ಎಂಬ ಮಾತನ್ನು ಐತಪ್ಪ ಮತ್ತೆ ಯಾರ ಮುಂದೆಯೂ ಆಡಲಿಲ್ಲ.

ಗಗನಾಳ ಡಾಕ್ಟರೇಟು ಹೋಗಲಿಲ್ಲ, ಒಂದು ವರ್ಷ ಮುಂದಕ್ಕೆ ಹೋಯಿತು. ಆ ಅಧ್ಯಾಯವನ್ನು ಹರಿದುಹಾಕಿ, ಐದನೇ ಗುಡಾರವನ್ನು ಲೆಕ್ಕಕ್ಕೆ ವಾಪಸು ತಂದಳು. ಒಂದೇ ಗುಡಾರದ ಮಾತು ನಂಬಲು ಸಾಲದು, ಇನ್ನೊಂದು ವರ್ಷ ಯಾರೂ ಮುಟ್ಟದೆ ಆರನ್ನೂ ನೋಡಬೇಕು ಎಂದಾಯಿತು. ಮೈಸೂರಿನ ಕೆಲಸ ಬೇರೆಯವರ ಪಾಲಾಯಿತು. ಅಂದಾನಿ ಮೇಷ್ಟ್ರು ಫೋನಿನಲ್ಲಿ ಏನೆಂದರೋ, ಮಾತು ಮುಗಿಸಿ ಗಗನಾ ಹಿತ್ತಲಿನ ನೀರಿನ ಟ್ಯಾಂಕಿನ ಮರೆಯಲ್ಲಿ ನಿಂತು ಅತ್ತದ್ದನ್ನು ಚಂದ್ರಮತಿ ಅಡಿಗೆಮನೆಯ ಕಿಟಕಿಯಿಂದ ಕಂಡಳು. ಹೋಗಿ ಸಮಾಧಾನ ಹೇಳುವ ಮುಖ ಅವಳಿಗಿರಲಿಲ್ಲ.

ಆ ಹುಡುಗಿ ಬಿರುಸಾಗಿ ಒಂದು ಮಾತನ್ನೂ ಆಡಲಿಲ್ಲ. ಕೆಲಸಕ್ಕೆ ಬೇಕಾದಷ್ಟು ಕೇಳಿದಳು. ಎಲೆ ಎಷ್ಟು ಅಗಲವಿತ್ತು? ಯಾವ ಎತ್ತರದಿಂದ ಕಿತ್ತಿರಿ? ಎರಡು ಗುಡಾರದ ಎಲೆಗೂ ಏನಾದರೂ ವ್ಯತ್ಯಾಸ? ಚಂದ್ರಮತಿ ನೆನಪು ಕೆದಕಿ ಕೆದಕಿ ಹೇಳಿದಳು: ಎಲೆ ದೊಡ್ಡದು ನಿಜ, ಆದರೆ ಊರಿನ ಎಲೆಯ ಹಾಗೆ ಬಾಗುತ್ತಿರಲಿಲ್ಲ, ಮಡಚಿದರೆ ರಟ್ಟಿನಂತೆ ಸೀಳುತ್ತಿತ್ತು, ಒಂದಿಪ್ಪತ್ತು ಹಾಗೇ ಸೀಳಿ, ಅಷ್ಟು ಗಟ್ಟಿಗೆ ಎರಡೆರಡು ತುಂಡು ಸೇರಿಸಿ ಕಟ್ಟಬೇಕಾಯಿತು. ಗಗನಾ ಅದನ್ನೂ ಬರೆದುಕೊಂಡಳು. ಅಂಥದೇ ಎಲೆಯಲ್ಲಿ ಸಾರಜನಕ ಎಷ್ಟಿರುತ್ತದೆ ಎಂದು ಅಳೆದು, ನೂರಿಪ್ಪತ್ತರಿಂದ ಗುಣಿಸಿ, ಆ ಮಣ್ಣಿನಿಂದ ಹೊರಗೆ ಹೋದದ್ದು ಎಷ್ಟೆಂದು ಕಂಡುಕೊಂಡಳು. ತಿಂಗಳಿಗೊಮ್ಮೆ ಎಲೆ ಎಣಿಸುವಾಗ, "ನೀವೂ ಬನ್ನಿ ಚಂದ್ರಕ್ಕ, ಇಬ್ಬರೆಣಿಸಿದ್ರೆ ತಪ್ಪೋದಿಲ್ಲ" ಎಂದು ಕರೆದಳು. ಗಿಡದ ಆಚೆ ಒಬ್ಬಳು, ಈಚೆ ಒಬ್ಬಳು. ಚಂದ್ರಮತಿ ಎಲೆಯನ್ನು ಬೆರಳಿನಿಂದ ಮುಟ್ಟದೆ, ಕಣ್ಣಲ್ಲೇ ಎಣಿಸುತ್ತಿದ್ದಳು.

ಆದರೆ ಮಧ್ಯಾಹ್ನ ಒಂದೂವರೆಗೆ ಗಗನಾ ಈಗ ಬರುತ್ತಿರಲಿಲ್ಲ. ಹಾಸ್ಟೆಲಿನ ಡಬ್ಬಿ ತರುತ್ತಿದ್ದಳು, ಟ್ಯಾಂಕಿನ ನೆರಳಲ್ಲಿ ಕೂತು ಬಿಚ್ಚುತ್ತಿದ್ದಳು. ಚಂದ್ರಮತಿ ಮೊದಲ ದಿನ ಕರೆದಾಗ, "ಇವತ್ತು ಬೇಡ ಚಂದ್ರಕ್ಕ" ಎಂದಿದ್ದಳು. ಎರಡನೆಯ ದಿನವೂ ಹಾಗೇ. ಮೂರನೆಯ ದಿನ ಚಂದ್ರಮತಿ ಕರೆಯಲಿಲ್ಲ. ಗೋಡೆಯ ಆ ಜಾಗದಲ್ಲಿ ತಲೆ ಒರಗಿ ಒರಗಿ ಆದ ಎಣ್ಣೆಯ ಕಲೆಯಿತ್ತು. ಪೊಂಗಲ್‌ಗೆ ಸುಣ್ಣ ಬಳಿದವಳು ಅದೊಂದನ್ನು ಬಿಟ್ಟಿದ್ದಳು. ಊಟದ ಹೊತ್ತಿಗೆ ಅವಳು ಅದಕ್ಕೆ ಬೆನ್ನು ಹಾಕಿ ಕೂರುತ್ತಿದ್ದಳು. ತನ್ನ ಕೈಯ ಅನ್ನದ ಮೇಲೆ ಆ ಹುಡುಗಿಗೆ ನಂಬಿಕೆ ಹೋಯಿತು ಎಂಬುದು ಕೆಲಸ ಹೋಗುವುದಕ್ಕಿಂತ, ಮನೆ ಹೋಗುವುದಕ್ಕಿಂತ ಹೆಚ್ಚು ನೋಯಿಸಿತು.

ಮತ್ತೆ ಆಟಿ ಬಂತು. ಕೃಷ್ಣರಾಜ ಫೋನು ಮಾಡಿ, "ಎಲೆ ತರ್ತೀಯಲ್ಲ ತಂಗಿ? ಹೋದ ವರ್ಷದ ಗಟ್ಟಿಯ ಸುದ್ದಿ ಇನ್ನೂ ನಿಂತಿಲ್ಲ" ಎಂದ.

"ಈ ಸಲ ಬಾಳೆ ಎಲೆ ಅಣ್ಣ."

"ಯಾಕೆ, ಬೋರಮ್ಮ ಊರಲ್ಲಿಲ್ವಾ?"

"ಬೋರಮ್ಮ ಕೊಟ್ಟದ್ದಲ್ಲ ಅದು. ನಾನು ಕದ್ದದ್ದು" ಎಂದು ಹೇಳಿ ಫೋನಿಟ್ಟಳು. ಹೇಳಿದ ಮೇಲೆ ಮನಸ್ಸು ಹಗುರಾಯಿತು, ಅಣ್ಣನ ಕಡೆ ಏನಾಯಿತೋ ಅವಳಿಗೆ ಬೇಕಾಗಿರಲಿಲ್ಲ.

ಕೂಟಕ್ಕೆ ಅವಳು ಹೋಗಲಿಲ್ಲ. ಐತಪ್ಪ ಹಲಸಿನ ಹಣ್ಣೊಂದನ್ನು ತಂದುಹಾಕಿ, "ಮನೆಗಾದರೂ ನಾಲ್ಕು ಮಾಡು ಮಾರಾಯ್ತಿ. ಮಗು ಕೇಳ್ತಾ ಉಂಟು" ಎಂದ. ಅವನು ಮೊದಲಿನಂತೆ ಮಾರಾಯ್ತಿ ಎಂದು ಕರೆದದ್ದು ಎಷ್ಟೋ ತಿಂಗಳ ಮೇಲೆ. ಸೋಮವಾರ ಬೆಳಿಗ್ಗೆ ಅವಳು ಬಾಳೆ ಎಲೆ ಬಾಡಿಸಿ, ಹಿಟ್ಟು ಮಡಚಿ, ಹಬೆಗೆ ಇಟ್ಟಳು.

ಒಂದೂವರೆಯ ಹೊತ್ತಿಗೆ ಗಗನಾ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಎಣಿಕೆಯ ಪುಸ್ತಕ, ಮೈಯೆಲ್ಲ ಬೆವರು.

"ಚಂದ್ರಕ್ಕ, ಆಗಸ್ಟ್ ಲೆಕ್ಕ ಮುಗೀತು. ಗ್ಯಾಸಿನ ಹನ್ನೆರಡು ಗಿಡದಲ್ಲಿ ಒಂದೂ ಎಲೆ ಉದುರಿಸಿಲ್ಲ. ಹಳದಿ ಮಾತ್ರ ಮೂರು ಗುಡಾರದಲ್ಲೂ ಒಂದೇ ಥರ. ಎಲೆ ಕೀಳದ ಐದನೇದರಲ್ಲೂ. ಮಣ್ಣಲ್ಲೂ ಹಾಗೇ. ಕಿತ್ತಿದ್ರಿಂದ ಆಗಿದ್ದಲ್ಲ ಅದು, ನಿಜವಾಗ್ಲೂ ಬರಿದಾಗ್ತಿದೆ." ಒಂದು ಕ್ಷಣ ತಡೆದು ಹೇಳಿದಳು. "ನೀವು ಹೇಳದೇ ಇದ್ದಿದ್ರೆ ನಾನು ಸುಳ್ಳು ಹೇಳ್ಕೊಂಡು ದೊಡ್ಡವಳಾಗ್ತಿದ್ದೆ."

ಚಂದ್ರಮತಿ ಕೈಯಲ್ಲಿದ್ದ ಸೌಟು ಕೆಳಗಿಟ್ಟಳು. ಸೆರಗಿನಿಂದ ಕೈಯೊರೆಸಿಕೊಂಡಳು, ಮತ್ತೆ ಒರೆಸಿಕೊಂಡಳು. ಗಗನಾ ಚಪ್ಪಲಿ ಬಿಟ್ಟು ಒಳಗೆ ಬಂದಳು. ಅಡಿಗೆಮನೆಯ ಬಾಗಿಲ ಪಕ್ಕ, ಗೋಡೆಯ ಎಣ್ಣೆಯ ಕಲೆಗೆ ತಲೆಯೊರಗಿಸಿ, ಕಾಲು ಮಡಚಿ ಕುಳಿತಳು.

"ಹಸಿವಾಗ್ತಿದೆ" ಎಂದಳು.

ಚಂದ್ರಮತಿ ತಟ್ಟೆಯಿಟ್ಟು, ಎರಡು ಗಟ್ಟಿ ಹಾಕಿ, ತುಪ್ಪ ಬಡಿಸಿದಳು. ಗಗನಾ ಬಾಳೆ ಎಲೆ ಬಿಡಿಸಿ, ಒಂದು ತುಂಡು ಬಾಯಿಗಿಟ್ಟು, ಕಣ್ಣು ಮುಚ್ಚಿ ಅಗಿದಳು. ಚಂದ್ರಮತಿ ಅವಳ ಮುಖವನ್ನೇ ನೋಡುತ್ತಿದ್ದಳು.

"ಚೆನ್ನಾಗಿದೆ" ಎಂದಳು ಗಗನಾ. ಇನ್ನೊಂದು ತುಂಡು ತಿಂದಳು. "ಆದ್ರೆ ಸುಳ್ಳು ಯಾಕೆ ಹೇಳ್ಲಿ ಚಂದ್ರಕ್ಕ, ಹೋದ ವರ್ಷದ್ದೇ ಹೆಚ್ಚು ರುಚಿ."

ಚಂದ್ರಮತಿಗೆ ನಗು ಬಂತು, ನಗುವಿನ ಬೆನ್ನಿಗೇ ಅಳುವೂ ಬಂತು. ಎರಡನ್ನೂ ತಡೆಯಲಾರದೆ ಅಲ್ಲೇ ನೆಲದ ಮೇಲೆ ಕುಕ್ಕರಿಸಿದಳು.

"ನಾನೆಷ್ಟು ತಿಂದಿದ್ದೆ ಆವತ್ತು?" ಎಂದು ಗಗನಾ ಕೇಳಿದಳು.

"ನಾಲ್ಕು."

"ಹಾಗಾದ್ರೆ ನೂರಿಪ್ಪತ್ತರಲ್ಲಿ ನಾಲ್ಕು ನಂದು" ಎಂದು ಗಗನಾ ತಟ್ಟೆಯನ್ನು ಮುಂದಕ್ಕೆ ಚಾಚಿದಳು. "ಇನ್ನೊಂದು ಹಾಕಿ."